ಕುಟುಂಬದವರನ್ನು ಹೊರತುಪಡಿಸಿ

ನಮ್ಮ ಮಾವನವರು ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತದ್ದು ಅರವತ್ತರ ದಶಕದ ಕೊನೆಯಲ್ಲಿ. ನಾನು ಆ ಮನೆಗೆ ಕಿರಿಯ ಸೊಸೆಯಾಗಿ ಬಂದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಊರು ದೇವನಹಳ್ಳಿ ತಾಲ್ಲೂಕಿನಲ್ಲಿ, ಆವತಿಯಿಂದ ಒಳಗೆ. ನಿಲ್ಲಿ ಎಂದು ಅವರನ್ನು ಯಾರೂ ಕೇಳಿಕೊಂಡಿರಲಿಲ್ಲ. ಊರಿಗೂ ದೊಡ್ಡ ರಸ್ತೆಗೂ ನಡುವೆ ಒಂದು ಹಳ್ಳ ಇತ್ತು. ಮಳೆ ಬಂದು ಹಳ್ಳ ತುಂಬಿದರೆ ಬಸ್ಸು ಆಚೆ ಕಡೆಯೇ ನಿಂತುಬಿಡುತ್ತಿತ್ತು. ಅಲ್ಲಿಗೊಂದು ಮೋರಿ ಕಟ್ಟಿಸಿಕೊಡಿ ಎಂದು ಬೋರ್ಡಿನ ಆಫೀಸಿಗೆ ಅಲೆದು ಅಲೆದು, ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ, "ಇವ್ರನ್ನ ಕೇಳೋದೇನು, ನಾನೇ ಹೋಗಿ ಆ ಕುರ್ಚೀಲಿ ಕೂತ್ಕೋತೀನಿ" ಎಂದು ಮನೆಗೆ ಬಂದು ಟವೆಲ್ಲು ಕೊಡವಿದರು. ಅವರು ಟವೆಲ್ಲು ಕೊಡವಿದರೆಂದರೆ ಮಾತು ಮುಗಿಯಿತು ಎಂದೇ ಅರ್ಥ.

ನಿಂತವರನ್ನೆಲ್ಲ ದೇವನಹಳ್ಳಿಗೆ ಕರೆಸಿ ಅಧಿಕಾರಿಯೊಬ್ಬರು ನಿಯಮಗಳನ್ನು ಓದಿ ಹೇಳಿದರಂತೆ. ಯಾರಿಗೂ ಏನೂ ತಿಳಿಯಲಿಲ್ಲವಂತೆ. ಕೈಗೆ ಕೊಟ್ಟ ಸೈಕ್ಲೋಸ್ಟೈಲ್ ಹಾಳೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದ ಮಾವ ನೇರವಾಗಿ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು. ಹೆಣ್ಣು ನೋಡಲು ಬಂದಾಗ ಆ ವಿಷಯಕ್ಕೆ ಮೂಗು ಮುರಿದಿದ್ದ ಮನೆ ಇದು. ಈಗ ನೋಡಿ, "ಒಸಿ ಓದಮ್ಮ, ಏನೇನು ಮಾಡ್ಬಾರ್ದು ಅಂತ ಬರ್ದವ್ರೆ ನೋಡು" ಎಂದು ನನ್ನ ಮುಂದೆಯೇ ಮಣೆ ಹಾಕಿಕೊಂಡು ಕೂತರು. ನಾನು ಸೆರಗಿಗೆ ಕೈ ಒರೆಸಿಕೊಂಡು, ಸ್ವಲ್ಪ ಗತ್ತಿನಿಂದಲೇ ಓದಿದೆ.

ಮತದಾರರಿಗೆ ಊಟ, ಪಾನೀಯ ಕೊಡುವಂತಿಲ್ಲ. ದುಡ್ಡು, ಬಟ್ಟೆ ಕೊಡುವಂತಿಲ್ಲ. ದೇವರ ಮೇಲೆ ಆಣೆ ಇಡಿಸುವಂತಿಲ್ಲ, ಓಟು ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ಹೆದರಿಸುವಂತಿಲ್ಲ. ಕರಪತ್ರದ ಕೆಳಗೆ ಅಚ್ಚು ಹಾಕಿದವರ ಹೆಸರು ಇರಬೇಕು. ಮತದಾರರನ್ನು ಯಾವುದೇ ವಾಹನದಲ್ಲಿ ಮತಗಟ್ಟೆಗೆ ಸಾಗಿಸುವಂತಿಲ್ಲ, ಅಭ್ಯರ್ಥಿಯನ್ನೂ ಆತನ ಕುಟುಂಬದವರನ್ನೂ ಹೊರತುಪಡಿಸಿ. ಸಾಗಿಸಿದ್ದು ರುಜುವಾತಾದರೆ ಗೆದ್ದ ಸೀಟು ರದ್ದು.

ಮಾವ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. "ಊಟ ಹಾಕ್ಬಾರ್ದು, ಆಣೆ ಮಾಡಿಸ್ಬಾರ್ದು, ಗಾಡಿ ಕಟ್ಬಾರ್ದು. ಅಲ್ಲಾ ಕಣಮ್ಮ, ಮತ್ತೆ ಜನ ಓಟು ಯಾಕೆ ಹಾಕ್ತಾರೆ?"

"ನಿಮ್ಮನ್ನ ನೋಡಿ ಹಾಕ್ತಾರಂತೆ ಮಾವ" ಎಂದೆ.

"ನನ್ನನ್ನ ನೋಡಿದ್ರೆ ಹಾಕಲ್ಲ ಅಂತ ತಾನೇ ಉಳಿದಿದ್ದೆಲ್ಲ ಮಾಡೋದು" ಎಂದು ನಿಟ್ಟುಸಿರು ಬಿಟ್ಟರು. ಆದರೂ ಅವರದ್ದು ಒಂದು ತರಹದ ಹಟ. ಬೋರ್ಡಿನವರು ನಿಯಮ ಪಾಲಿಸುವುದಿಲ್ಲ ಎಂದು ಊರೆಲ್ಲ ಬೈದುಕೊಂಡು ಬಂದ ಮನುಷ್ಯ ತಾನೇ ನಿಯಮ ಮುರಿಯಬಾರದು ಎಂದು ಪಟ್ಟು ಹಿಡಿದರು. ಅಲ್ಲಿಗೆ ನಮ್ಮ ಮನೆಗೆ ಗ್ರಹಚಾರ ಶುರುವಾಯಿತು.

ಮೊದಲ ಜಗಳ ಊಟದ್ದು. ನಮ್ಮ ಮನೆಯಲ್ಲಿ ಮುದ್ದೆ ಕಟ್ಟುವ ಹೊತ್ತಿಗೆ ಯಾರೇ ಬಂದರೂ ಎಲೆ ಹಾಕುವುದು ಪದ್ಧತಿ. ಚುನಾವಣೆ ಮುಗಿಯುವ ತನಕ ಮನೆಯವರನ್ನು ಬಿಟ್ಟು ಯಾರಿಗೂ ಊಟಕ್ಕೆ ಇಕ್ಕಬೇಡಿ ಎಂದು ಮಾವ ಅಪ್ಪಣೆ ಮಾಡಿದರು. ಚಿಕ್ಕವ್ವ ಕೇಳಿಸಿಕೊಂಡಳು, ಮಧ್ಯಾಹ್ನ ಬಂದ ಬಳೆಗಾರನಿಗೆ ಎಂದಿನಂತೆ ಇಕ್ಕಿದಳು. ಮಾವ ಕೂಗಾಡಿದಾಗ, "ಅವನು ಚಿಂತಾಮಣಿ ಕಡೆಯೋನು, ಅವನ ಓಟು ಇಲ್ಲಿಲ್ಲ" ಎಂದಳು. ಮರುದಿನ ನಮ್ಮೂರಿನವನೇ ಒಬ್ಬ ಬಂದ. ಅವನಿಗೂ ಇಕ್ಕಿದಳು. "ಇವನು ಹೆಂಗೂ ನಿಮಗೆ ಹಾಕಲ್ಲ, ಅದಕ್ಕೆ ಇಕ್ಕಿದೆ" ಎಂದಳು. ಮಾವನ ಹತ್ತಿರ ಹೀಗೆ ಮಾತಾಡುವ ಧೈರ್ಯ ಆ ಮನೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಚಿಕ್ಕವ್ವ ಯಾರು ಎಂದು ಈಗಲೇ ಹೇಳಿಬಿಡಬೇಕು. ಮುಂದಿನದೆಲ್ಲ ನಿಂತಿರುವುದೇ ಅದರ ಮೇಲೆ.

ನಮ್ಮ ಕಡೆ ಮದುವೆಯಾಗಿ ಗಂಡನ ಮನೆಗೆ ಹೋಗುವ ಹೆಣ್ಣಿನ ಜೊತೆಗೆ ಒಬ್ಬಳನ್ನು ಕಳಿಸುವ ವಾಡಿಕೆ ಇತ್ತು. ಹೊಸ ಮನೆ, ಹೊಸ ಮುಖಗಳು, ಹುಡುಗಿ ಅಂಜದಿರಲಿ ಎಂದು. ಜೊತೆಗೆ ಹೋದವಳು ನಾಲ್ಕು ದಿನ ಇದ್ದು, ತವರಿನಿಂದ ಯಾರಾದರೂ ಬಂದಾಗ ಅವರೊಂದಿಗೆ ವಾಪಸು ಬರುತ್ತಿದ್ದಳು. ನಮ್ಮ ಅತ್ತೆ ಮದುವೆಯಾಗಿ ಬಂದಾಗ ಹಾಗೆ ಜೊತೆಗೆ ಬಂದವಳು ಚಿಕ್ಕವ್ವ. ಅತ್ತೆಯ ತವರಿನಲ್ಲಿ ಪಕ್ಕದ ಮನೆಯ ಹುಡುಗಿ, ಆಗಿನ್ನೂ ಲಂಗ ಉಡುವ ವಯಸ್ಸು. ಆ ವರ್ಷವೇ ಆ ಊರಿಗೆ ಪ್ಲೇಗು ಬಡಿಯಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಹುಡುಗಿಯ ತಂದೆ ತಾಯಿ ಉಳಿಯಲಿಲ್ಲ. ಅವಳನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಆಮೇಲೆ ಈ ಮನೆಯವರೇ ನಿಂತು ಅವಳಿಗೊಂದು ಮದುವೆಯನ್ನೂ ಮಾಡಿದರಂತೆ. ಗಂಡ ವರ್ಷ ತುಂಬುವುದರೊಳಗೆ ತೀರಿಕೊಂಡ. ಅವಳು ಬಟ್ಟೆ ಗಂಟು ಹಿಡಿದುಕೊಂಡು ವಾಪಸು ಬಂದದ್ದು ಈ ಮನೆಗೇ.

ಅತ್ತೆಗೆ ಅವಳು ತಂಗಿ, ಗಂಡುಮಕ್ಕಳಿಬ್ಬರಿಗೂ ಚಿಕ್ಕವ್ವ, ಆ ಲೆಕ್ಕದಲ್ಲಿ ಸೊಸೆಯರಿಗೂ ಊರಿಗೂ ಚಿಕ್ಕವ್ವ. ನಾನು ಬಂದ ಮೊದಲ ವರ್ಷ ಅವಳು ಅತ್ತೆಯ ಒಡಹುಟ್ಟಿದವಳೆಂದೇ ತಿಳಿದಿದ್ದೆ. ಹೊತ್ತಿಗೆ ಮುಂಚೆ ಎದ್ದು ಕೊಟ್ಟಿಗೆ ನೋಡುತ್ತಿದ್ದವಳು ಅವಳು, ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವಳೂ ಅವಳು. ಮಾವನನ್ನು ಮಾತ್ರ ಮೊದಲಿನಿಂದ "ಅಯ್ಯ" ಎಂದೇ ಕರೆಯುತ್ತಿದ್ದಳು. ಅವಳಿಗೆ ಸಂಬಳ ಅಂತ ಯಾರೂ ಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ.

ಮಾವನ ಎದುರಾಳಿ ಪಕ್ಕದ ಹಳ್ಳಿಯವನು, ಇಟ್ಟಿಗೆ ಗೂಡಿನ ಮಾಲೀಕ. ಅವನ ಹತ್ತಿರ ಲಾರಿ ಇತ್ತು, ದುಡ್ಡಿತ್ತು, ಬಾಯಿ ತುಂಬ ಅಣ್ಣಾ ಅಕ್ಕಾ ಇತ್ತು. ನಿಯಮದ ಹಾಳೆ ಅವನಿಗೂ ಸಿಕ್ಕಿತ್ತು. ಅವನು ಅದನ್ನು ನಮಗಿಂತ ಚೆನ್ನಾಗಿ ಓದಿಸಿಕೊಂಡಿದ್ದ ಅಂತ ಕಾಣುತ್ತದೆ. ಓಟಿನ ಹಿಂದಿನ ವಾರ ಬೀಗರೂಟ ಎಂದು ಸುತ್ತಲ ಹಳ್ಳಿಗೆಲ್ಲ ಕರೆದ. ಮಗಳ ಮದುವೆ ಆಗಿ ಆಗಲೇ ಒಂದು ವರ್ಷದ ಮೇಲಾಗಿತ್ತು, ಮಗಳು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಡಿಸಿದಳಂತೆ. ಆಗ ಆಷಾಢ ಅಡ್ಡ ಬಂತು, ಆಮೇಲೆ ಸೂತಕ ಬಂತು, ಅದಕ್ಕೇ ಈಗ ಇಟ್ಕೊಂಡಿದೀನಿ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಎಷ್ಟು ಕುರಿ ಬಿದ್ದವೋ, ಆ ದಾರಿಯಲ್ಲಿ ಬಂದವರ ಮುಖದ ಮೇಲೆಲ್ಲ ಎಣ್ಣೆ ಮಿನುಗುತ್ತಿತ್ತು. ನಮ್ಮೂರಿನವರೂ ಹೋಗಿ ತಿಂದು ಬಂದರು. ಮಾವ ಜಗಲಿಯ ಮೇಲೆ ಕೂತು ಅವರನ್ನೆಲ್ಲ ನೋಡುತ್ತಾ ಹಲ್ಲು ಕಡಿಯುತ್ತಿದ್ದರು.

"ಕಂಪ್ಲೇಂಟು ಕೊಡಿ" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ. ನಮ್ಮ ಯಜಮಾನರು ಜೀವಮಾನದಲ್ಲಿ ಯಾವ ವಿಷಯಕ್ಕೂ ಪೇಪರಿನಿಂದ ತಲೆ ಎತ್ತಿದವರಲ್ಲ.

"ಯಾರ ಮೇಲೆ ಕೊಡ್ಲಿ? ಸಾಕ್ಷಿ ಹೇಳ್ಬೇಕಾದೋರೆಲ್ಲ ತಿಂದವ್ರೆ" ಎಂದರು ಮಾವ.

ಓಟಿನ ದಿನ ಬಂತು. ಮತಗಟ್ಟೆ ಇದ್ದದ್ದು ಹಳ್ಳದಾಚೆಯ ಊರಿನ ಸ್ಕೂಲಿನಲ್ಲಿ. ಎದುರಾಳಿಯ ಲಾರಿ ಬೆಳಿಗ್ಗೆಯಿಂದ ಆ ದಾರಿಯಲ್ಲಿ ಓಡಾಡಿತು. ಹಿಂದೆ ಬುಟ್ಟಿ, ಸಲಿಕೆ ಇಟ್ಟುಕೊಂಡು ಆಳುಕಾಳು ಕೂತಿದ್ದರು. ಕೇಳಿದರೆ ಮಣ್ಣು ಹೊರೋಕೆ ಎನ್ನುತ್ತಿದ್ದರು. ಸ್ಕೂಲಿನ ಹತ್ತಿರ ಮಣ್ಣು ಇತ್ತೋ ಇಲ್ಲವೋ, ಇಳಿದವರೆಲ್ಲ ಓಟು ಹಾಕಿ ಮತ್ತೆ ಹತ್ತುತ್ತಿದ್ದರು. ನಮ್ಮ ಮನೆ ಮುಂದೆ ಮುದುಕರು ಕೋಲೂರಿಕೊಂಡು ಬಂದು, "ಒಂಚೂರು ಗಾಡಿ ಕಟ್ಸಪ್ಪಾ, ನಿನಗೇ ಹಾಕ್ತೀವಿ" ಎಂದು ಗೋಗರೆದರು. ಮಾವ ಒಬ್ಬೊಬ್ಬರಿಗೂ ಕೈ ಮುಗಿದು, "ಕಾನೂನು ಒಪ್ಪಲ್ಲ, ನಡ್ಕೊಂಡು ಹೋಗಿ" ಎಂದರು. ಅವರಲ್ಲಿ ಅರ್ಧ ಜನ ಬೈಯುತ್ತಾ ಮನೆಗೆ ಹೋದರು. ಇನ್ನರ್ಧ ಜನ ಲಾರಿ ಹತ್ತಿದರು.

ಮನೆಯವರಿಗೆ ಮಾತ್ರ ನಮ್ಮ ಕಮಾನು ಗಾಡಿ ಕಟ್ಟಿಸಿದರು. ಕುಟುಂಬದವರು ಹೋಗಬಹುದು ಎಂದು ಹಾಳೆಯಲ್ಲಿ ಬರೆದಿತ್ತಲ್ಲ. ಅತ್ತೆ, ನನ್ನ ಓರಗಿತ್ತಿ, ನಾನು ಹತ್ತಿ ಕೂತೆವು. ಚಿಕ್ಕವ್ವ ಸೆರಗು ಬಿಗಿದುಕೊಂಡು, ಚಪ್ಪಲಿ ಇಲ್ಲದ ಕಾಲಲ್ಲಿ ಆಗಲೇ ನಡೆಯಲು ಹೊರಟಿದ್ದಳು. ಮಾವನೇ ಕೂಗಿ ಕರೆದರು.

"ಏನಮ್ಮಿ, ಎಲ್ಲಿಗೆ ಹೊರಟೆ? ಹತ್ತು ಗಾಡೀನ."

"ನಾನು ನಡ್ಕೊಂಡು ಬರ್ತೀನಿ ಬಿಡಿ ಅಯ್ಯ."

"ನೀನೇನು ಹೊರಗಿನೋಳಾ? ಹತ್ತು ಅಂದ್ರೆ ಹತ್ತು."

ಅವಳು ಹತ್ತಿ ಅತ್ತೆಯ ಪಕ್ಕ ಕೂತಳು. ದಾರಿಯಲ್ಲಿ ಎದುರಾಳಿಯ ಕಡೆಯವನೊಬ್ಬ ಹುಣಸೆಮರದ ಕೆಳಗೆ ನಿಂತು ನಮ್ಮ ಗಾಡಿಯೊಳಗೆ ಬಗ್ಗಿ ನೋಡಿದ. ಚಿಕ್ಕವ್ವ ಅವನನ್ನು ಕಂಡು, "ಏನೋ, ಹೆಣ್ಣು ನೋಡೋಕೆ ಬಂದಿದೀಯಾ?" ಎಂದಳು. ನಾವೆಲ್ಲ ನಕ್ಕೆವು.

ಮಾವ ಗೆದ್ದರು. ಬೀಗರೂಟ ತಿಂದವರೂ ಸದ್ದಿಲ್ಲದೆ ಮಾವನಿಗೇ ಹಾಕಿದ್ದರು ಎಂದು ಕಾಣುತ್ತದೆ, ಎಲ್ಲರಿಗೂ ಮೋರಿ ಬೇಕಾಗಿತ್ತು. ಅಂತರ ಮಾತ್ರ ಕೈಬೆರಳಲ್ಲಿ ಎಣಿಸುವಷ್ಟು. ತಿಂಗಳೊಳಗೆ ಎದುರಾಳಿ ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದ. ಗೆದ್ದ ಅಭ್ಯರ್ಥಿ ತನ್ನ ಗಾಡಿಯಲ್ಲಿ ಮತದಾರರನ್ನು ಸಾಗಿಸಿದ್ದಾನೆ, ಸೀಟು ರದ್ದು ಮಾಡಬೇಕು. ಊರಿಗೆಲ್ಲ ಕುರಿ ಕೊಯ್ದು ಹಾಕಿದವನು, ದಿನವಿಡೀ ಲಾರಿ ಓಡಿಸಿದವನು, ನಮ್ಮ ಮೇಲೆ ಕೇಸು ಹಾಕಿದ. ಆ ಸುದ್ದಿ ಕೇಳಿದ ದಿನ ನನಗೆ ಬಂದ ಸಿಟ್ಟಿಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. ಅವನ ಲಾರಿ ವಿಷಯಕ್ಕೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ. ನಮ್ಮ ಗಾಡಿಯನ್ನು ಮಾತ್ರ ಹುಣಸೆಮರದ ಕೆಳಗೆ ನಿಂತು ನೋಡಿದವನಿದ್ದ.

ವಕೀಲರನ್ನು ನೋಡಲು ಹೋದಾಗ ಮಾವ ಹಾಳೆ ಓದಿ ಹೇಳಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಭಾವನವರೂ ಬಂದರು. ಭಾವ ಎಂದರೆ ನಮ್ಮ ಯಜಮಾನರ ಅಣ್ಣ, ಮನೆಯ ವ್ಯವಹಾರವೆಲ್ಲ ನೋಡಿಕೊಳ್ಳುತ್ತಿದ್ದವರು. ವಕೀಲರು ಕನ್ನಡಕದ ಮೇಲಿನಿಂದ ನೋಡುತ್ತಾ ಒಬ್ಬೊಬ್ಬರನ್ನೇ ಕೇಳಿದರು. ಹೆಂಡತಿ, ಪರವಾಗಿಲ್ಲ. ಸೊಸೆಯರು, ಪರವಾಗಿಲ್ಲ. ನಾಲ್ಕನೆಯವರು ಯಾರು ಎಂದರು.

"ಚಿಕ್ಕವ್ವ" ಎಂದರು ಮಾವ.

"ಯಾರ ಚಿಕ್ಕವ್ವ?"

"ಎಲ್ರಿಗೂ."

ವಕೀಲರು ಪೆನ್ನು ಕೆಳಗಿಟ್ಟರು. ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಲ್ಲ ಕೇಳಿದ ಮೇಲೆ ವಕೀಲರು ಹೇಳಿದ್ದು ಇಷ್ಟು: ಗಾಡಿಯಲ್ಲಿ ಹೊರಗಿನವರು ಒಬ್ಬರು ಕೂತಿದ್ದರೂ ಸಾಕು, ಸೀಟು ಹೋಗುತ್ತದೆ. ಆಕೆ ಕೆಲಸದವಳು ಎಂದರೆ ಇವತ್ತೇ ಹೋಯಿತು. ಕುಟುಂಬದವಳು ಎಂದರೆ ಉಳಿಯಬಹುದು. ಆದರೆ ಆ ಕಡೆ ವಕೀಲ ಸುಮ್ಮನೆ ಬಿಡುವುದಿಲ್ಲ, ಹೇಗೆ ಕುಟುಂಬದವಳು ಎಂದು ಕೆದಕುತ್ತಾನೆ. "ನಿಮ್ಮ ಹೆಂಡತಿ ಒಡಹುಟ್ಟಿದೋಳು ಅಂದುಬಿಡಿ, ಸುಲಭ" ಎಂದೂ ಹೇಳಿದರು. ಮಾವ ಅದಕ್ಕೆ ಒಪ್ಪಲಿಲ್ಲ. ಪ್ರಮಾಣ ಮಾಡಿ ಸುಳ್ಳು ಹೇಳಲಾರೆ ಎಂದರು.

ವಾಪಸು ಬಂದ ಸಂಜೆ ನಡುಮನೆಯಲ್ಲಿ ಭಾವ ಬಾಯಿ ಬಿಟ್ಟರು. "ಸೀಟು ಹೋದ್ರೆ ಹೋಗ್ಲಿ ಅಪ್ಪಯ್ಯ. ಆಕೆ ಕುಟುಂಬದೋಳು ಅಂತ ಕೋರ್ಟಲ್ಲಿ ಬರೆಸ್ಬೇಡ. ಇವತ್ತು ಬರೆಸಿದ್ರೆ ನಾಳೆ ಯಾರೋ ಎತ್ತಿ ಕಟ್ತಾರೆ, ನನಗೂ ಭಾಗ ಕೊಡಿ ಅಂತ ಬಂದು ನಿಂತ್ಕೋತಾಳೆ."

ಭಾಗದ ಮಾತು ಅವರ ಬಾಯಲ್ಲಿ ಸುಮ್ಮನೆ ಬಂದದ್ದಲ್ಲ. ಹೆಚ್ಚು ಜಮೀನು ಇದ್ದವರಿಂದ ಸರ್ಕಾರ ಕಿತ್ತುಕೊಳ್ಳುತ್ತದೆ ಎಂದು ಆಗೆಲ್ಲ ಗುಲ್ಲೆದ್ದಿತ್ತು. ಊರಿನ ಅನುಕೂಲಸ್ಥರೆಲ್ಲ ಕಾಗದದ ಮೇಲೆ ಭಾಗ ಮಾಡಿಕೊಂಡು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಇದ್ದರು. ನಮ್ಮ ಮನೆಯಲ್ಲೂ ಹಿಂದಿನ ವರ್ಷ ಹಾಗೇ ಆಗಿತ್ತು. ಮಾವನಿಗೊಂದು, ಗಂಡುಮಕ್ಕಳಿಗೊಂದೊಂದು. ಒಂದು ಕಾನೂನಿಗೆ ಹೆದರಿ ನಾವು ಬೇರೆ ಬೇರೆ ಆಗಿದ್ದೆವು, ಇನ್ನೊಂದು ಕಾನೂನಿಗೆ ಹೆದರಿ ಒಂದೇ ಕುಟುಂಬ ಎನ್ನಬೇಕಾಗಿತ್ತು.

ಭಾವ ಆಡಿದ್ದು ಅಡುಗೆಮನೆಗೆ ಚೆನ್ನಾಗಿಯೇ ಕೇಳಿಸಿತು. ಚಿಕ್ಕವ್ವ ಅಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಭಾವನಿಗೆ ಬಾಲ್ಯದಲ್ಲಿ ಎಣ್ಣೆ ಒತ್ತಿ ನೀರು ಹಾಕಿದವಳು, ಟೈಫಾಯಿಡ್ ಬಂದಾಗ ಹಾಸಿಗೆಯ ಬುಡ ಬಿಟ್ಟು ಏಳದವಳು ಅವಳೇ ಎಂದು ಅತ್ತೆಯ ಬಾಯಿಂದಲೇ ಕೇಳಿದ್ದೆ. ಒಳಗೆ ಹೋಗಿ ನಮ್ಮ ಯಜಮಾನರಿಗೆ, "ನಿಮ್ಮಣ್ಣನಿಗೆ ನೀವಾದ್ರೂ ಒಂದು ಮಾತು ಹೇಳಿ" ಎಂದೆ. "ಹೇಳೋಣ, ಹೇಳೋಣ" ಎಂದು ಪೇಪರಿನ ಪುಟ ತಿರುಗಿಸಿದರು.

ಸ್ವಲ್ಪ ಹೊತ್ತಾದ ಮೇಲೆ ಚಿಕ್ಕವ್ವ ನನ್ನನ್ನು ಕರೆದಳು. "ಆ ಹಾಳೇಲಿ ಕುಟುಂಬ ಅಂದ್ರೆ ಯಾರ್ಯಾರು ಅಂತ ಏನಾದ್ರೂ ಬರ್ದವ್ರಾ?"

ನಾನು ತಂದು ಮತ್ತೆ ಓದಿ ನೋಡಿದೆ. "ಇಲ್ಲ ಚಿಕ್ಕವ್ವ. ಬರ್ದಿಲ್ಲ."

"ಅಷ್ಟೊಂದು ಓದ್ದೋರು, ಅದನ್ನೊಂದು ಬರೆಯೋಕಾಗ್ಲಿಲ್ವಾ?" ಎಂದು ಸೊಪ್ಪಿನ ದಂಟು ಮುರಿದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ವಿಚಾರಣೆಗೆ ಅವಳಿಗೂ ಸಮನ್ಸು ಬಂತು. ಅವಳ ಜೊತೆಗೆ ನಾನು ಹೋದೆ. ಪೆಟ್ಟಿಗೆಯ ತಳದಲ್ಲಿದ್ದ ಸೀರೆ ಉಟ್ಟುಕೊಂಡಿದ್ದಳು. ನುಸಿಗುಳಿಗೆಯ ವಾಸನೆ ಬಸ್ಸಿನ ತುಂಬ ಹರಡಿತು. ಕೋರ್ಟಿನ ವರಾಂಡದಲ್ಲಿ ಎದುರಾಳಿ ಅವಳನ್ನು ನೋಡಿ, "ಅಕ್ಕಾ, ಚೆನ್ನಾಗಿದ್ದೀರಾ?" ಎಂದು ಕೈ ಮುಗಿದ. ಕೇಸು ಹಾಕಿದವನು. "ಬೀಗರೂಟದಲ್ಲಿ ಉಪ್ಪು ಜಾಸ್ತಿ ಆಗಿತ್ತಂತೆ" ಎಂದಳು ಚಿಕ್ಕವ್ವ.

ಮೊದಲು ಅವಳನ್ನೇ ಕಟಕಟೆಗೆ ಹತ್ತಿಸಿದರು. ಆ ಕಡೆ ವಕೀಲರು ವಯಸ್ಸಿನಲ್ಲಿ ಚಿಕ್ಕವರು, ಕೋಟು ಹೊಸದು. ಮಾವನನ್ನು ತೋರಿಸಿ, ಇವರು ನಿಮಗೆ ಏನಾಗಬೇಕು ಎಂದು ಕೇಳಿದರು.

"ನಮ್ಮಕ್ಕನ ಗಂಡ."

"ನೀವೂ ಅವರ ಹೆಂಡತಿಯೂ ಒಂದೇ ತಾಯಿ ಮಕ್ಕಳಾ?"

"ಇಲ್ಲ ಸ್ವಾಮಿ."

"ಅಪ್ಪಂದಿರು ಅಣ್ಣ ತಮ್ಮಂದಿರಾ?"

"ಇಲ್ಲ. ಪಕ್ಕದ ಮನೆಯೋರು."

"ಮತ್ತೆ ಅಕ್ಕ ಹೇಗಾದರು? ಅಕ್ಕ ಅಂತ ಯಾರನ್ನು ಬೇಕಾದರೂ ಕರೆಯಬಹುದು. ನಾನು ನಿಮ್ಮನ್ನೇ ಅಕ್ಕ ಅನ್ನಬಹುದು."

"ಅನ್ನಪ್ಪ. ಬೇಡ ಅಂದೋರ್ಯಾರು?"

ಕೋರ್ಟಿನಲ್ಲಿ ಇದ್ದವರೆಲ್ಲ ನಕ್ಕರು. ನ್ಯಾಯಾಧೀಶರು ಕೂಡ ತಲೆ ಬಗ್ಗಿಸಿ ಏನೋ ಬರೆಯುವವರಂತೆ ಮಾಡಿದರು. ಆದರೆ ವಕೀಲರಿಗೆ ಬೇಕಾದದ್ದು ಸಿಕ್ಕಿತ್ತು. ರಕ್ತಸಂಬಂಧ ಇಲ್ಲ ಎಂದು ಅವಳ ಬಾಯಿಂದಲೇ ಬಂದಿತ್ತು. ನಮ್ಮ ವಕೀಲರ ಮುಖ ಇಳಿದುಹೋಯಿತು. ಭಾವ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಆರಾಮಾಗಿ ಕೂತಿದ್ದರು.

ಆಮೇಲೆ ಮಾವ ಹತ್ತಿದರು. ಆಕೆ ಯಾರು ಎಂದರೆ, ನಮ್ಮ ಮನೆಯವಳು ಎಂದರು. ಹೇಗೆ ಎಂದರೆ, ನಮ್ಮ ಮನೆಯಲ್ಲೇ ಇದ್ದಾಳೆ ಎಂದರು. ಹೊಸ ಕೋಟಿನ ವಕೀಲರು ತಾಳ್ಮೆಯಿಂದ ಒಂದೊಂದೇ ಕೇಳಿದರು. ಮನೆಯಲ್ಲಿ ಇರುವವರೆಲ್ಲ ಕುಟುಂಬದವರಾದರೆ ದನ ಕಾಯುವವನೂ ಕುಟುಂಬದವನೇ? ಅವನಿಗೆ ಸಂಬಳ ಇದೆ ಎಂದರು ಮಾವ. ಈಕೆಗೆ? ಇಲ್ಲ. ಹಾಗಾದರೆ ಸಂಬಳ ಇಲ್ಲದ ಆಳು ಎನ್ನೋಣವೇ? ಮಾವನ ಕುತ್ತಿಗೆಯ ನರ ಉಬ್ಬಿತು. ಇವರು ಈಗ ಟವೆಲ್ಲು ಕೊಡವಿ ಕಟಕಟೆಯಿಂದ ಇಳಿದುಬಿಡುತ್ತಾರೆ ಎಂದು ನಾನು ಹೆದರಿದೆ.

ಆಗ ವಕೀಲರು ಕೊನೆಯ ಪ್ರಶ್ನೆ ತೆಗೆದರು. "ಹೋದ ವರ್ಷ ನಿಮ್ಮ ಮನೆ ಭಾಗ ಆಯಿತಲ್ಲ. ಕುಟುಂಬದವರಿಗೆಲ್ಲ ಭಾಗ ಸಿಕ್ಕಿದೆ. ಈಕೆಗೆ ಏನು ಕೊಟ್ಟಿರಿ?"

ನ್ಯಾಯಾಧೀಶರು ತಲೆ ಎತ್ತಿ, "ಹೇಳಿ" ಎಂದರು. ಮಾವ ಒಮ್ಮೆ ಚಿಕ್ಕವ್ವನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು.

"ಇನ್ನೂ ಕೊಟ್ಟಿಲ್ಲ ಸ್ವಾಮಿ" ಎಂದರು.

"ಇನ್ನೂ ಅಂದರೆ?"

"ಇನ್ನೂ ಅಂದ್ರೆ ಇನ್ನೂ. ಕೊಡೋದಿದೆ."

ಭಾವನ ಕಾಲು ಅಲ್ಲಾಡುವುದು ನಿಂತಿತು. ವಕೀಲರು ಇನ್ನೇನೋ ಕೇಳಲು ಹೋದರು, ಮತ್ತೆ ಕಾಗದ ತಿರುವಿ ಕೂತುಬಿಟ್ಟರು. ಆ ಮಾತನ್ನು ಮಾವ ಸೀಟು ಉಳಿಸಿಕೊಳ್ಳಲು ಆಡಿದರೋ, ಒಳಗಿನಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಗಳಿಗೆಯಲ್ಲಿ ಸೀಟಿಗೇ ಇರಬೇಕು ಎಂದು ನನ್ನ ಅನುಮಾನ. ಬಸ್ಸಿನಲ್ಲಿ ವಾಪಸು ಬರುವಾಗ ಚಿಕ್ಕವ್ವ ಕಿಟಕಿಯ ಪಕ್ಕ ಕೂತು ಕಡಲೆಕಾಯಿ ಸುಲಿದು ನನಗೂ ಕೊಟ್ಟಳು.

ತೀರ್ಪು ಬರಲು ತಿಂಗಳುಗಟ್ಟಲೆ ಹಿಡಿಯಿತು. ಆ ತಿಂಗಳುಗಳಲ್ಲಿ ಮನೆಯಲ್ಲಿ ಭಾಗ ಎಂಬ ಪದವನ್ನೇ ಯಾರೂ ಉಪಯೋಗಿಸಲಿಲ್ಲ. ಮಾವ ಜಾಣತನದಿಂದ ಮರೆತಿದ್ದರು. ಚಿಕ್ಕವ್ವನೂ ಎಂದಿನಂತೆ ಕೊಟ್ಟಿಗೆಗೆ ಹೋದಳು, ಎಂದಿನಂತೆ ಬಂದವರಿಗೆಲ್ಲ ಇಕ್ಕಿದಳು. ಭಾವ ಮತ್ತೆ ನಗಲು ಶುರು ಮಾಡಿದ್ದರು. ನನಗೆ ಮಾತ್ರ ಅವರ ನಗು ಕಂಡರೆ ಮೈಯುರಿ. ಅವರಿಗೆ ಕಾಫಿಗೆ ಸಕ್ಕರೆ ಕಡಿಮೆ ಹಾಕಿ ಕೊಡುತ್ತಿದ್ದೆ, ಅಷ್ಟೇ ನನ್ನ ಕೈಲಾದದ್ದು.

ಕೊನೆಗೆ ಅರ್ಜಿ ವಜಾ ಆಯಿತು. ಹೆಂಗಸು ಆ ಮನೆಯವಳೇ ಎಂದು ನ್ಯಾಯಾಧೀಶರು ಒಪ್ಪಿಕೊಂಡರಂತೆ. ಮಾವ ಬಸ್ಸಿನಿಂದ ಇಳಿಯುವ ಮುಂಚೆಯೇ ಸುದ್ದಿ ಊರಿಗೆ ಮುಟ್ಟಿತ್ತು. ಮಾವ ಬಂದು ಜಗಲಿಯ ಮೇಲೆ ಕೂತರು. ಯಾರೋ ಕನಕಾಂಬರದ ಹಾರ ಹಾಕಿದರು. ಊರವರು, ಬೀಗರೂಟ ತಿಂದವರು, ಲಾರಿ ಹತ್ತಿದವರು, ಎಲ್ಲ ಬಂದು ಅಂಗಳ ತುಂಬಿಕೊಂಡರು. ಇನ್ನೇನು ಚುನಾವಣೆ ಮುಗಿದಿದೆ, ಕಾಫಿ ಕೊಡಬಹುದು ಎಂದು ಮಾವನೇ ಕೂಗಿ ಹೇಳಿದರು. ನಾನು ಲೋಟ ಜೋಡಿಸುತ್ತಿದ್ದೆ. ಚಿಕ್ಕವ್ವ ಒಲೆಯ ಮುಂದಿನಿಂದ ಎದ್ದು, ಕೈ ತೊಳೆದುಕೊಂಡು ಹೊರಗೆ ಹೋದಳು. ಹೋದ ರೀತಿ ನೋಡಿ ನಾನೂ ಲೋಟ ಬಿಟ್ಟು ಹಿಂದೆ ಹೋದೆ.

"ಅಯ್ಯ, ಕೇಸು ಮುಗೀತಾ?" ಎಂದು ಕೇಳಿದಳು.

"ಮುಗೀತು ಕಣಮ್ಮಿ."

"ಅಪೀಲು ಗಿಪೀಲು ಅಂತ ಇನ್ನೇನೂ ಇಲ್ವಾ?"

"ಅವನು ಹೋಗಲ್ಲ ಅಂದವ್ರೆ ವಕೀಲ್ರು. ಯಾಕೆ?"

"ಹಂಗಾದ್ರೆ ಕೇಳ್ತೀನಿ. ಜಡ್ಜು ಮುಂದೆ ಇನ್ನೂ ಕೊಟ್ಟಿಲ್ಲ, ಕೊಡೋದಿದೆ ಅಂದ್ರಲ್ಲ. ಯಾವಾಗ ಕೊಡ್ತೀರಿ?"

ಭಾವ ಮುಂದೆ ಬಂದು ನಗುನಗುತ್ತಲೇ, "ಚಿಕ್ಕವ್ವ, ಅದು ಕೋರ್ಟಲ್ಲಿ ಹೇಳೋ ಮಾತು. ನಿನಗೆ ಗೊತ್ತಾಗಲ್ಲ, ಒಳಗೆ ಹೋಗು" ಎಂದರು.

"ಕೋರ್ಟಲ್ಲಿ ನಿಮ್ಮಪ್ಪ ಸುಳ್ಳು ಹೇಳಿದ್ರಾ ಮಗ?"

ಭಾವ ಬಾಯಿ ತೆರೆದರು. ಸುತ್ತ ಅಷ್ಟು ಜನ ನಿಂತಿದ್ದರು. ಹೌದು ಎನ್ನುವಂತಿರಲಿಲ್ಲ, ಇಲ್ಲ ಎನ್ನುವ ಮನಸ್ಸಿರಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಾವ ಹಾರ ತೆಗೆದು ಪಕ್ಕಕ್ಕಿಟ್ಟರು. "ಇಷ್ಟು ದಿನ ಯಾಕೆ ಕೇಳ್ಲಿಲ್ಲ?" ಎಂದರು. ದನಿ ಮೆತ್ತಗಿತ್ತು.

"ಮುಂಚೆ ಕೇಳಿದ್ರೆ ಸೀಟಿಗೋಸ್ಕರ ಕೊಟ್ಟಂಗೆ ಆಗ್ತಿತ್ತು" ಎಂದಳು ಚಿಕ್ಕವ್ವ. "ಈಗ ಕೊಟ್ರೆ ನನಗೆ ಕೊಟ್ಟಂಗೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಡಿ. ನನ್ನ ಭಾಗದಲ್ಲಿ ಯಾವುದು ಬೇಕೋ ತೋರ್ಸು" ಎಂದರು.

ಅವರು ಮುಂದೆ, ಚಿಕ್ಕವ್ವ ಹಿಂದೆ, ಅವಳ ಹಿಂದೆ ಅತ್ತೆ, ನಾನು, ಕಾಫಿ ಸಿಗದ ಅರ್ಧ ಊರು. ನಮ್ಮ ಯಜಮಾನರೂ ಬಂದಿದ್ದರು, ಕೈಯಲ್ಲಿ ಪೇಪರಿರಲಿಲ್ಲ. ಊರು ದಾಟಿ ಹೊಲದ ಬದುವಿನ ಮೇಲೆ ಹೋಗಿ ನಿಂತೆವು. ಮಾವನ ಭಾಗಕ್ಕೆ ಬಂದದ್ದೆಲ್ಲ ಅಲ್ಲಿಂದ ಕಣ್ಣಿಗೆ ಕಾಣುತ್ತಿತ್ತು. ಕೆರೆಯ ಕೆಳಗಿನ ಗದ್ದೆ, ಅದರಾಚೆ ಚಕ್ಕೋತದ ತೋಟ, ಈಚೆಗೆ ರಾಗಿ ಹೊಲ.

"ಅವಸರ ಇಲ್ಲ. ನಿಧಾನಕ್ಕೆ ನೋಡ್ಕೊಂಡು ಹೇಳು" ಎಂದರು ಮಾವ.

ಚಿಕ್ಕವ್ವ ನೋಡಲಿಲ್ಲ. ನಿಂತ ಕಡೆಯಿಂದಲೇ ಕೈ ಎತ್ತಿ ತೋರಿಸಿದಳು. "ಆ ಹೊಂಗೆ ಮರದಿಂದ ಕಳ್ಳಿ ಬೇಲಿ ತನಕ. ಮಧ್ಯದ ಬಂಡೆ ನಿಮಗೇ ಇರ್ಲಿ, ಕಣಕ್ಕೆ ಬೇಕಾಗುತ್ತೆ. ಗದ್ದೆಗೆ ನೀರು ಹೋಗೋ ಕಾಲುವೆ ನಾನು ಮುಚ್ಚಲ್ಲ. ಆ ಮೂಲೇಲಿ ಕಲ್ಲು ಜಾಸ್ತಿ, ಆರಿಸಿದ್ರೆ ಸರಿ ಹೋಗುತ್ತೆ. ಮೊದಲ್ನೇ ವರ್ಷ ಹುರುಳಿ ಚೆಲ್ತೀನಿ."

ಮಾವ ಆ ಹೊಂಗೆ ಮರವನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು. ಎಷ್ಟು ವರ್ಷದಿಂದ ಅವಳು ಆ ತುಂಡು ನೆಲವನ್ನು ಮನಸ್ಸಿನಲ್ಲೇ ಅಳೆದು, ಕಲ್ಲು ಆರಿಸಿ, ಹುರುಳಿ ಚೆಲ್ಲಿಟ್ಟುಕೊಂಡಿದ್ದಳೋ, ಅವಳನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.